ಎರಡು ಸಲ ಚೆಕ್ ಮಾಡಿದರೂ ತಪ್ಪು ಕಡಿಮೆ ಆಗುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಅರ್ಜಿ ವಿಭಾಗ

ನಮಸ್ಕಾರ. ಒಂದು ವಿಷಯಕ್ಕೆ ನಿಮ್ಮೆಲ್ಲರ ಅನುಭವ ಬೇಕು.

ನಮ್ಮ ತಂಡದ್ದು ಅರ್ಜಿಗಳ ಕೆಲಸ. ಅರ್ಜಿ ಬರುತ್ತದೆ, ಸಿಸ್ಟಮ್‌ಗೆ ಹಾಕುತ್ತೇವೆ, ದಾಖಲೆಗಳ ಜೊತೆ ಹೋಲಿಸುತ್ತೇವೆ, ಲೆಕ್ಕ ಹಾಕುತ್ತೇವೆ, ಮಂಜೂರಾತಿಗೆ ಕಳಿಸುತ್ತೇವೆ. ಒಟ್ಟು ಆರು ಕೈ ದಾಟಿ ಹೋಗುತ್ತದೆ. ತಪ್ಪು ಜಾಸ್ತಿ ಆಯಿತು ಅಂತ ಕೊನೆಯಲ್ಲಿ ಒಬ್ಬ ತಪಾಸಕರನ್ನು ಹಾಕಿದರು. ಸಾಲದು ಅಂತ ಇನ್ನೊಬ್ಬರನ್ನೂ ಹಾಕಿದರು. ಗ್ರಾಹಕರ ದೂರು ಮೊದಲಿನಷ್ಟೇ ಇದೆ. ಕೆಲಸ ಮುಗಿಯುವುದು ಮಾತ್ರ ತಡವಾಗುತ್ತಿದೆ.

ಈಗ ಮೇಲಿನಿಂದ ಎರಡು ಸಲಹೆ ಬಂದಿವೆ. ಒಂದು, ಎಲ್ಲರಿಗೂ ಸಿಕ್ಸ್ ಸಿಗ್ಮಾ (ಕೆಲಸದಲ್ಲಿ ದೋಷ ಕಡಿಮೆ ಮಾಡುವ ಒಂದು ವಿಧಾನ) ತರಬೇತಿ. ಇನ್ನೊಂದು, ಯಾರು ಎಷ್ಟು ತಪ್ಪು ಮಾಡಿದರು ಅಂತ ಪ್ರತಿ ವಾರ ಹೆಸರು ಸಮೇತ ಪಟ್ಟಿ ಹಾಕುವುದು. ಎರಡನೆಯದು ನನಗೆ ಸರಿ ಕಾಣುತ್ತಿಲ್ಲ. ಆದರೆ ಬೇಡ ಅನ್ನಬೇಕಾದರೆ, ಬದಲಿಗೆ ಏನು ಮಾಡಬೇಕು ಅಂತಲೂ ಹೇಳಬೇಕಲ್ವಾ? ಎಲ್ಲಿಂದ ಶುರು ಮಾಡಲಿ?

ಹಳೆ ತಪಾಸಕಿ

ತಪಾಸಣೆಯನ್ನೇ ಬಹಳ ಕಾಲ ಮಾಡಿದವಳು ನಾನು. ಎರಡನೇ ತಪಾಸಕರಿಂದ ಜನ ಅಂದುಕೊಂಡಷ್ಟು ಲಾಭ ಯಾವತ್ತೂ ಸಿಗುವುದಿಲ್ಲ.

ಕಾಗದದ ಮೇಲೆ ಲೆಕ್ಕ ಚೆನ್ನಾಗಿ ಕಾಣುತ್ತದೆ. ಒಬ್ಬರು 10 ತಪ್ಪಿನಲ್ಲಿ 8 ಹಿಡಿಯುತ್ತಾರೆ ಅಂದುಕೊಳ್ಳಿ. ಉಳಿದದ್ದರಲ್ಲಿ ಎರಡನೆಯವರೂ ಅಷ್ಟೇ ಪಾಲು ಹಿಡಿದರೆ 100ಕ್ಕೆ 4 ಮಾತ್ರ ತಪ್ಪಿಸಿಕೊಳ್ಳುತ್ತವೆ. ಆದರೆ ಇಬ್ಬರೂ ಬೇರೆ ಬೇರೆ ಕಣ್ಣಿನಿಂದ ನೋಡಿದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ನಿಜದಲ್ಲಿ ಇಬ್ಬರೂ ಅದೇ ಪಟ್ಟಿ ಹಿಡಿದು ಅದೇ ಪರದೆ ನೋಡುತ್ತಾರೆ. ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೂ ಕಾಣುವುದಿಲ್ಲ. ಜೊತೆಗೆ, ತಮ್ಮ ಹಿಂದೆ ಇನ್ನೊಬ್ಬರು ನೋಡುತ್ತಾರೆ ಅಂತ ಮೊದಲನೆಯವರಿಗೆ ಗೊತ್ತು. ಆಗಲೇ ಒಬ್ಬರು ನೋಡಿದ್ದಾರೆ ಅಂತ ಎರಡನೆಯವರಿಗೆ ಗೊತ್ತು. ಅರ್ಜಿ ತುಂಬುವವರಿಗಂತೂ ಹಿಂದೆ ಇಬ್ಬರಿದ್ದಾರೆ ಅನ್ನುವ ಧೈರ್ಯ. ಇದನ್ನು ಸೋಮಾರಿತನ ಅನ್ನಬೇಡಿ. ಯಾರನ್ನು ಆ ಜಾಗದಲ್ಲಿ ಕೂರಿಸಿದರೂ ಹೀಗೇ ಆಗುತ್ತದೆ.

ಗುಣಮಟ್ಟದ ತಜ್ಞ ಡೆಮಿಂಗ್ ಮ್ಯಾನೇಜರ್‌ಗಳಿಗೆ ಹೇಳಿದ 14 ಅಂಶಗಳಲ್ಲಿ ಮೂರನೆಯದು ಇದೇ ವಿಷಯ: ಗುಣಮಟ್ಟಕ್ಕಾಗಿ ತಪಾಸಣೆಯನ್ನು ನಂಬಿ ಕೂರಬೇಡಿ. ಕೊನೆಯಲ್ಲಿ ಹಿಡಿದ ತಪ್ಪು ಆಗಿಹೋದ ತಪ್ಪು. ಮಾಡಿದ ಸಮಯವೂ ಹೋಯಿತು, ತಿದ್ದುವ ಸಮಯವೂ ಹೋಯಿತು.

ನಿಮ್ಮ ಇಬ್ಬರು ತಪಾಸಕರಿಗೆ ಈಗ ಒಂದು ಬೇರೆ ಕೆಲಸ ಕೊಡಿ. ತಪ್ಪು ಕಂಡಾಗ ಸುಮ್ನೆ ತಿದ್ದಿ ಮುಂದೆ ಕಳಿಸುವುದು ಬೇಡ. ಪ್ರತಿ ತಪ್ಪಿಗೂ ಎರಡು ಮಾತು ಬರೆಯಲಿ. ಇದು ಹುಟ್ಟಿದ್ದು ಆರರಲ್ಲಿ ಯಾವ ಹಂತದಲ್ಲಿ? ಎಲ್ಲಕ್ಕಿಂತ ಮೊದಲು ಯಾವ ಹಂತದಲ್ಲಿ ಇದು ಕಾಣಬಹುದಿತ್ತು? ವ್ಯಕ್ತಿಯ ಹೆಸರು ಬೇಡ, ಹಂತ ಸಾಕು. ಹೆಸರು ಬರೆಸಿದರೆ ಬರೆಯುವುದೇ ನಿಂತುಹೋಗುತ್ತದೆ.

ಹೊಸಬ

ಹಾಗಾದರೆ ತಪಾಸಣೆಯೇ ಬೇಡ ಅಂತಲೇ?

ಹಳೆ ತಪಾಸಕಿ

ಅಲ್ಲ. ತಪ್ಪಿನಿಂದ ಪ್ರಾಣಕ್ಕೋ ದೊಡ್ಡ ನಷ್ಟಕ್ಕೋ ದಾರಿಯಾಗುವ ಕಡೆ ಬೇಕೇ ಬೇಕು. ಆದರೆ ತಪ್ಪು ಹುಟ್ಟುವ ಜಾಗಕ್ಕೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ಸಕಿಚಿ ಟೊಯೋಡಾ ಅವರ 1924ರ ಮಗ್ಗದಲ್ಲಿ ನೂಲು ಹರಿದ ಕೂಡಲೇ ಮಗ್ಗ ತಾನೇ ನಿಲ್ಲುತ್ತಿತ್ತು. ಅದೂ ತಪಾಸಣೆಯೇ. ಬಟ್ಟೆ ಪೂರ್ತಿ ಆದ ಮೇಲೆ ಯಾರೋ ಬಂದು ಹುಡುಕಬೇಕಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಆ ವ್ಯತ್ಯಾಸ ಬಹಳ ದೊಡ್ಡದು.

ಅಂಕಿ ಅಂಶ

ಹೆಸರು ಹಾಕುವ ಪಟ್ಟಿಯ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ. ಯಾಕೆಂದರೆ ಇಲ್ಲಿ ಒಳ್ಳೆಯ ಉದ್ದೇಶದಿಂದಲೇ ಬಹಳ ಹಾನಿ ಆಗುತ್ತದೆ.

ಡೆಮಿಂಗ್ ತಮ್ಮ ತರಗತಿಗಳಲ್ಲಿ ಕೆಂಪು ಮಣಿಗಳ ಪ್ರಯೋಗ ಮಾಡಿಸುತ್ತಿದ್ದರು. ಒಂದು ಪೆಟ್ಟಿಗೆ ತುಂಬ ಮಣಿ. ಅದರಲ್ಲಿ 20 ಶೇಕಡ ಕೆಂಪು, ಉಳಿದದ್ದು ಬಿಳಿ. 50 ಕುಳಿ ಇರುವ ಹಲಗೆಯನ್ನು ಅದರಲ್ಲಿ ಅದ್ದಿ ತೆಗೆಯಬೇಕು. ಕೆಂಪು ಬಂದರೆ ದೋಷ. ಕೆಲಸಗಾರರಾಗಿ ಬಂದವರಿಗೆಲ್ಲ ಒಂದೇ ಪೆಟ್ಟಿಗೆ, ಒಂದೇ ಹಲಗೆ, ಒಂದೇ ವಿಧಾನ. ಒಬ್ಬರಿಗೆ 6 ಬರುತ್ತದೆ, ಇನ್ನೊಬ್ಬರಿಗೆ 14. ಕಡಿಮೆ ಬಂದವರಿಗೆ ಶಹಬ್ಬಾಸ್, ಜಾಸ್ತಿ ಬಂದವರಿಗೆ ಎಚ್ಚರಿಕೆ. ಮುಂದಿನ ಸುತ್ತಿನಲ್ಲಿ ಎಚ್ಚರಿಕೆ ಪಡೆದವರ ಸಂಖ್ಯೆ ಇಳಿಯುತ್ತದೆ, ಶಹಬ್ಬಾಸ್ ಪಡೆದವರದ್ದು ಏರುತ್ತದೆ. ಬೈದದ್ದು ಕೆಲಸ ಮಾಡಿತು ಅಂತ ಕಾಣುತ್ತದೆ. ಏನೂ ಕೆಲಸ ಮಾಡಿಲ್ಲ. ಪೆಟ್ಟಿಗೆಯಲ್ಲಿ ಕೆಂಪು ಮಣಿ ಇರುವವರೆಗೆ ಕೆಂಪು ಬರುತ್ತಲೇ ಇರುತ್ತದೆ.

ನಿಮ್ಮ ಕೆಲಸಕ್ಕೆ ಇದನ್ನು ಹೊಂದಿಸಿ ನೋಡೋಣ. ಉದಾಹರಣೆಗೆ, ವಾರಕ್ಕೆ 400 ಅರ್ಜಿ, ಸರಾಸರಿ 20ರಲ್ಲಿ ತಪ್ಪು ಅಂದರೆ 5 ಶೇಕಡ. ಇದಕ್ಕೆ ಪಿ-ಚಾರ್ಟ್ ಹಾಕಿ. ಅಂದರೆ ವಾರವಾರದ ತಪ್ಪಿನ ಪ್ರಮಾಣವನ್ನು ಚುಕ್ಕೆಗಳಾಗಿ ಹಾಕಿ, ಎಂದಿನ ಏರಿಳಿತ ಎಲ್ಲಿಂದ ಎಲ್ಲಿವರೆಗೆ ಅಂತ ಎರಡು ಮಿತಿ ಎಳೆಯುವ ಚಿತ್ರ. 0.05 ಅನ್ನು 0.95ರಿಂದ ಗುಣಿಸಿ, 400ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸುಮಾರು 0.011. ಅದರ ಮೂರು ಪಟ್ಟು 0.033. ಅಂದರೆ ಮಿತಿಗಳು ಸುಮಾರು 1.7 ಶೇಕಡದಿಂದ 8.3 ಶೇಕಡ. ಅರ್ಜಿಗಳ ಲೆಕ್ಕದಲ್ಲಿ 7ರಿಂದ 33.

ಇದರ ಅರ್ಥ ಗಮನಿಸಿ. ಕೆಲಸದಲ್ಲಿ ಏನೂ ಬದಲಾಗದಿದ್ದರೂ ಒಂದು ವಾರ 12, ಇನ್ನೊಂದು ವಾರ 28 ತಪ್ಪು ಬರಬಹುದು. 28 ಬಂದ ವಾರ ಸಭೆ ಕರೆದು ಕಾರಣ ಕೇಳಿದರೆ ಯಾರೋ ಒಂದು ಕಾರಣ ಹೇಳುತ್ತಾರೆ. ಆ ಕಾರಣಕ್ಕೆ ಒಂದು ಹೊಸ ನಿಯಮ ಬರುತ್ತದೆ. ಮುಂದಿನ ವಾರ 19 ಬರುತ್ತದೆ. ನಿಯಮ ಗೆದ್ದಿತು ಅಂತ ಎಲ್ಲರೂ ನಂಬುತ್ತಾರೆ. ಹೀಗೆ ಒಂದರ ಮೇಲೊಂದು ನಿಯಮ ಸೇರಿ ಕೆಲಸವೇ ಭಾರವಾಗುತ್ತದೆ. ಆ ಭಾರದಿಂದ ಹೊಸ ತಪ್ಪು ಹುಟ್ಟುತ್ತವೆ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಒಂದು ಚಿಕ್ಕ ಟಿಪ್ಪಣಿಯ ಜೊತೆ ಇಂಥ ಚಾರ್ಟ್‌ನ ಮೊದಲ ಚಿತ್ರ ಬರೆದುಕೊಟ್ಟರು. ಅವರು ಬಿಡಿಸಿದ ಪ್ರಶ್ನೆ ಇದೇ: ಇಂದಿನ ಏರಿಳಿತ ಎಂದಿನ ಏರಿಳಿತವೋ, ಅಥವಾ ನಿಜವಾಗಿ ಏನೋ ಬೇರೆ ಆಗಿದೆಯೋ? ಮಿತಿಯ ಹೊರಗೆ ಬಿದ್ದರೆ ಆ ವಾರದ ಕಾರಣ ಹುಡುಕಿ. ಮಿತಿಯ ಒಳಗೇ ಇದ್ದು ಸರಾಸರಿಯೇ ಕೆಟ್ಟದಾಗಿದ್ದರೆ ಒಂದು ವಾರದ ಕಾರಣ ಹುಡುಕಿ ಪ್ರಯೋಜನವಿಲ್ಲ. ಆಗ ಕೆಲಸದ ವಿಧಾನವನ್ನೇ ಬದಲಿಸಬೇಕು. ಅದು ಕೆಲಸಗಾರರ ಕೈಯಲ್ಲಿ ಇಲ್ಲ, ವಿಧಾನ ರೂಪಿಸುವವರ ಕೈಯಲ್ಲಿದೆ. ನಿಮ್ಮ ಮ್ಯಾನೇಜರ್‌ಗೆ ಈ ಒಂದು ಚಾರ್ಟ್ ತೋರಿಸಿ. ಹೆಸರಿನ ಪಟ್ಟಿ ಯಾಕೆ ಬೇಡ ಅಂತ ಬೇರೆ ವಾದ ಬೇಕಾಗುವುದಿಲ್ಲ.

ಕೋಡ್ ಬರೆಯುವವ

ಒಂದು ಭಿನ್ನಾಭಿಪ್ರಾಯ. ಎಲ್ಲಾ ತಪ್ಪನ್ನೂ ವ್ಯವಸ್ಥೆಯ ಮೇಲೆ ಹಾಕುವುದು ಅತಿ ಆಗುತ್ತದೆ. ಒಬ್ಬರು ನಿಜವಾಗಿಯೂ ಬೇರೆಯವರಿಗಿಂತ ಜಾಸ್ತಿ ತಪ್ಪು ಮಾಡುತ್ತಿರಬಹುದು. ಅದನ್ನು ನೋಡಲೇಬಾರದು ಅಂದರೆ ಉಳಿದವರಿಗೆ ಅನ್ಯಾಯ.

ಅಂಕಿ ಅಂಶ

ಒಪ್ಪುತ್ತೇನೆ, ನೋಡಬೇಕು. ಅದಕ್ಕೂ ಅದೇ ಚಾರ್ಟ್ ಸಾಕು, ವಾರದ ಬದಲು ವ್ಯಕ್ತಿಗಳನ್ನು ಇಡಿ. ಯಾರು ಎಷ್ಟು ಅರ್ಜಿ ಮಾಡಿದರು ಅನ್ನುವುದಕ್ಕೆ ತಕ್ಕಂತೆ ಮಿತಿ ಹಾಕಿ. ಯಾರಾದರೂ ಹೊರಗೆ ಬಿದ್ದರೆ ಅವರ ಜೊತೆ ಕೂತು ಮಾತಾಡಿ. ಅವರಿಗೆ ಕಷ್ಟದ ಅರ್ಜಿಗಳೇ ಹೋಗುತ್ತಿವೆಯೇ? ತರಬೇತಿ ಸಿಕ್ಕಿದೆಯೇ? ಪರದೆ ಸರಿಯಾಗಿ ಕಾಣುತ್ತದೆಯೇ? ಒಳ್ಳೆಯ ಕಡೆಗೆ ಹೊರಗೆ ಬಿದ್ದವರ ಜೊತೆಯೂ ಕೂರಿ. ಅವರು ಏನೋ ಬೇರೆ ಮಾಡುತ್ತಿರುತ್ತಾರೆ, ಅದನ್ನು ಎಲ್ಲರೂ ಕಲಿಯಬಹುದು. ನನ್ನ ವಿರೋಧ ಇರುವುದು ಮಿತಿಯ ಒಳಗಿನವರನ್ನು ಮೊದಲು, ಎರಡನೇ, ಕೊನೆಯ ಅಂತ ಸಾಲು ನಿಲ್ಲಿಸುವುದಕ್ಕೆ. ಆ ಸಾಲಿಗೆ ಅರ್ಥವೇ ಇಲ್ಲ.

ಪ್ರಾಜೆಕ್ಟ್ ಮೇಜು

ಸಿಕ್ಸ್ ಸಿಗ್ಮಾ ತರಬೇತಿಯ ಬಗ್ಗೆ. ವಿಧಾನ ಒಳ್ಳೆಯದೇ. ಸಮಸ್ಯೆಯನ್ನು ಸ್ಪಷ್ಟ ಮಾಡು, ಅಳೆ, ಕಾರಣ ಹುಡುಕು, ಸುಧಾರಿಸು, ಸುಧಾರಣೆ ಜಾರದಂತೆ ಹಿಡಿದಿಡು. ಈ ಐದು ಹೆಜ್ಜೆಯಲ್ಲಿ ತಪ್ಪೇನಿದೆ? 1986ರಲ್ಲಿ ಮೊಟೊರೋಲಾ ಕಂಪನಿಯ ಎಂಜಿನಿಯರ್ ಬಿಲ್ ಸ್ಮಿತ್ ಇದನ್ನು ಶುರು ಮಾಡಿದರು. 1988ರಲ್ಲಿ ಆ ಕಂಪನಿಗೆ ಗುಣಮಟ್ಟಕ್ಕಾಗಿ ಅಮೆರಿಕ ಕೊಡುವ ಬಾಲ್ಡ್ರಿಜ್ ಪ್ರಶಸ್ತಿ ಬಂತು. ಅಲ್ಲಿಂದ ಹೆಸರು ಹರಡಿತು.

ಆದರೆ ಆ 10 ಲಕ್ಷಕ್ಕೆ 3.4 ದೋಷ ಅನ್ನುವ ಸಂಖ್ಯೆಯನ್ನು ಗೋಡೆಗೆ ಅಂಟಿಸುವ ಮೊದಲು ಅದು ಎಲ್ಲಿಂದ ಬಂತು ಅಂತ ತಿಳಿಯಿರಿ. ಸಿಗ್ಮಾ ಅಂದರೆ ಏರಿಳಿತದ ಅಳತೆ. ದೀರ್ಘಕಾಲದಲ್ಲಿ ಸರಾಸರಿ 1.5 ಸಿಗ್ಮಾದಷ್ಟು ಸರಿಯುತ್ತದೆ ಅಂತ ಒಂದು ಊಹೆ ಅದರ ಒಳಗೆ ಕೂತಿದೆ. ಆ ಊಹೆ ತೆಗೆದರೆ ಆರು ಸಿಗ್ಮಾ ಅಂದರೆ 100 ಕೋಟಿಗೆ ಸುಮಾರು 2. ನಿಮ್ಮ ಅರ್ಜಿಗಳಿಗೆ ಎರಡೂ ಬೇಕಾಗಿಲ್ಲ.

ಇನ್ನೂ ಒಂದು ಅಪಾಯ. ದೋಷವನ್ನು ಅವಕಾಶಗಳ ಸಂಖ್ಯೆಯಿಂದ ಭಾಗಿಸುತ್ತಾರೆ. 1000 ಅರ್ಜಿಯಲ್ಲಿ 50 ತಪ್ಪು ಅನ್ನಿ. ಒಂದು ಅರ್ಜಿಯಲ್ಲಿ ತಪ್ಪಾಗುವ 10 ಜಾಗ ಇದೆ ಅಂದರೆ 10 ಲಕ್ಷ ಅವಕಾಶಕ್ಕೆ 5000 ದೋಷ. 50 ಜಾಗ ಇದೆ ಅಂತ ಎಣಿಸಿದರೆ ಅದೇ 1000ಕ್ಕೆ ಇಳಿಯುತ್ತದೆ. ಒಂದು ತಪ್ಪೂ ಕಡಿಮೆ ಆಗಲಿಲ್ಲ, ರಿಪೋರ್ಟ್ ಮಾತ್ರ ಸುಧಾರಿಸಿತು. ಅದರ ಬದಲು ಪ್ರತಿ ಹಂತದಲ್ಲೂ ತಿದ್ದುಪಡಿ ಇಲ್ಲದೆ ಮೊದಲ ಸಲವೇ ಸರಿಯಾಗಿ ದಾಟಿದವು ಎಷ್ಟು ಅಂತ ಎಣಿಸಿ. ಆರು ಹಂತ, ಪ್ರತಿಯೊಂದರಲ್ಲೂ 98 ಶೇಕಡ ಸರಿ. ಎಲ್ಲಾ ಗುಣಿಸಿದರೆ 88.6. ಅಂದರೆ 100ರಲ್ಲಿ 11ಕ್ಕಿಂತ ಜಾಸ್ತಿ ಅರ್ಜಿ ಎಲ್ಲೋ ಒಂದು ಕಡೆ ಹಿಂದಕ್ಕೆ ಬಂದು ತಿದ್ದಿಸಿಕೊಂಡು ಹೋಗಿದೆ. ಕೊನೆಯ ರಿಪೋರ್ಟ್ ಇದನ್ನು ತೋರಿಸುವುದೇ ಇಲ್ಲ. ಗುಣಮಟ್ಟದ ತಜ್ಞ ಫೈಗೆನ್‌ಬಾಮ್ ಈ ಕಾಣದ ತಿದ್ದುವ ಕೆಲಸವನ್ನು ಮರೆಯಲ್ಲಿರುವ ಕಾರ್ಖಾನೆ ಅಂತ ಕರೆದಿದ್ದರು. ನಿಮ್ಮ ತಡಕ್ಕೆ ಕಾರಣ ಬಹುಶಃ ಅಲ್ಲೇ ಇದೆ.

ತರಬೇತಿ ಎಲ್ಲರಿಗೂ ಬೇಡ. ಒಂದು ನಿಜವಾದ ಸಮಸ್ಯೆ ಹಿಡಿದಿರುವ ಮೂರು ನಾಲ್ಕು ಜನ ಕಲಿಯಲಿ, ಕಲಿಯುತ್ತಲೇ ಅದನ್ನು ಬಿಡಿಸಲಿ.

ಅರ್ಜಿ ವಿಭಾಗ

ಎಲ್ಲರಿಗೂ ಧನ್ಯವಾದ. ತಪ್ಪು ಹುಟ್ಟಿದ ಹಂತ ಬರೆಯುವುದನ್ನು ಶುರು ಮಾಡಿದೆವು. ಮೊದಲ ದಿನವೇ ಒಂದು ಬೇರೆ ವಿಷಯ ಹೊರಬಂತು. ಯಾವುದನ್ನು ತಪ್ಪು ಅನ್ನಬೇಕು ಅನ್ನುವುದರಲ್ಲೇ ಇಬ್ಬರು ತಪಾಸಕರಿಗೆ ಒಮ್ಮತ ಇಲ್ಲ. ಹೆಸರಿನಲ್ಲಿ ಇನಿಷಿಯಲ್ ಮೊದಲು ಬಂದರೆ ಒಬ್ಬರಿಗೆ ತಪ್ಪು, ಇನ್ನೊಬ್ಬರಿಗೆ ಸರಿ. ವಿಳಾಸದಲ್ಲಿ ಪಿನ್‌ಕೋಡ್ ಇಲ್ಲದಿದ್ದರೆ ಒಬ್ಬರು ಹಿಂದಕ್ಕೆ ಕಳಿಸುತ್ತಾರೆ, ಇನ್ನೊಬ್ಬರು ತಾವೇ ತುಂಬಿಬಿಡುತ್ತಾರೆ. ಇಷ್ಟು ದಿನ ಎಣಿಸಿದ ಅಂಕಿಗಳನ್ನು ಈಗ ಏನು ಮಾಡುವುದು?

ಅಂಕಿ ಅಂಶ

ಬದಿಗಿಡಿ. ಇದು ಗೊತ್ತಾಗಿದ್ದು ತುಂಬಾ ಒಳ್ಳೆಯದಾಯಿತು. ಅಳತೆಯೇ ಅಲುಗಾಡುತ್ತಿದ್ದರೆ ಅದರ ಮೇಲೆ ಹಾಕಿದ ಚಾರ್ಟ್‌ಗೆ ಬೆಲೆ ಇಲ್ಲ.

ಒಂದು ಪರೀಕ್ಷೆ ಮಾಡಿ. 100 ಅರ್ಜಿ ತೆಗೆದುಕೊಂಡು ಇಬ್ಬರಿಗೂ ಬೇರೆ ಬೇರೆಯಾಗಿ ಕೊಡಿ. ಒಬ್ಬರ ಗುರುತು ಇನ್ನೊಬ್ಬರಿಗೆ ಕಾಣಬಾರದು. ಎಷ್ಟರಲ್ಲಿ ಒಪ್ಪಿದರು ನೋಡಿ. ಇಲ್ಲಿ ಜಾಗ್ರತೆ ಬೇಕು. 90ರಲ್ಲಿ ಒಪ್ಪಿದರು ಅಂದ ಕೂಡಲೇ ಖುಷಿ ಪಡಬೇಡಿ. ಇಬ್ಬರೂ 100ಕ್ಕೆ 90 ಅರ್ಜಿಗೆ ಸರಿ ಅಂತ ಗುರುತು ಹಾಕುವವರಾದರೆ, ಅರ್ಜಿ ನೋಡದೆ ಹಾಕಿದರೂ ಸರಾಸರಿ 82ರಲ್ಲಿ ಒಪ್ಪಿಗೆ ಬರುತ್ತದೆ. ಆದ್ದರಿಂದ 82ರ ಮೇಲೆ ಎಷ್ಟು ಬಂತು ಅನ್ನುವುದೇ ಮುಖ್ಯ. ಸಿಗಬಹುದಾಗಿದ್ದ 18ರಲ್ಲಿ ಸಿಕ್ಕಿದ್ದು 8. ಅಂದರೆ 0.44. ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ ಅಳತೆ ಇದೇ. 0.44 ಇದ್ದರೆ ನಾನು ಆ ಅಂಕಿಗಳ ಮೇಲೆ ಯಾವ ನಿರ್ಧಾರವನ್ನೂ ತೆಗೆದುಕೊಳ್ಳುವುದಿಲ್ಲ.

ಒಪ್ಪದ ಅರ್ಜಿಗಳನ್ನು ಮೇಜಿನ ಮೇಲಿಟ್ಟು ಇಬ್ಬರೂ, ಮಂಜೂರಾತಿಯವರೂ ಸೇರಿ ಮಾತಾಡಿ. ಒಂದೊಂದಕ್ಕೂ ಒಂದು ತೀರ್ಮಾನ, ಜೊತೆಗೆ ಒಂದು ನಿಜವಾದ ಅರ್ಜಿಯ ಮಾದರಿ. ಬರೀ ಮಾತಿನ ವ್ಯಾಖ್ಯೆ ಸಾಕಾಗುವುದಿಲ್ಲ.

ಕೋಡ್ ಬರೆಯುವವ

ವ್ಯಾಖ್ಯೆಯ ಮಾತು ಬಂದಿದ್ದರಿಂದ ಪ್ರಾಜೆಕ್ಟ್ ಕಡೆಯ ಒಂದು ಉದಾಹರಣೆ. 1999ರ ಸೆಪ್ಟೆಂಬರ್‌ನಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳ ಗ್ರಹ ತಲುಪುವಾಗ ಕಳೆದುಹೋಯಿತು. ಒಂದು ತಂಡದ ಸಾಫ್ಟ್‌ವೇರ್ ಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಅಂತ ಓದುತ್ತಿತ್ತು. ಎರಡೂ ಕಡೆಯವರಿಗೆ ತಮ್ಮ ಲೆಕ್ಕ ಸರಿ ಅಂತಲೇ ಕಾಣುತ್ತಿತ್ತು. ತಪ್ಪು ಇದ್ದದ್ದು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ಜಾಗದಲ್ಲಿ.

ಸಾಫ್ಟ್‌ವೇರ್‌ನಲ್ಲಿ ನಾನು ಕಾಣುವ ದೋಷಗಳಲ್ಲಿ ಬಹಳಷ್ಟು ಇಂಥವೇ. ಅದಕ್ಕೇ ನಮ್ಮ ತಂಡದಲ್ಲಿ ಕೆಲಸ ಶುರು ಆಗುವ ಮೊದಲೇ ಪರೀಕ್ಷೆ ಮಾಡುವವರನ್ನು ಕೂರಿಸಿಕೊಂಡು, ಇದು ಮುಗಿಯಿತು ಅನ್ನುವುದು ಹೇಗೆ ಗೊತ್ತಾಗುತ್ತದೆ ಅಂತ ಕೇಳುತ್ತೇವೆ. ಉತ್ತರ ಬರದಿದ್ದರೆ ಕೋಡ್ ಶುರು ಮಾಡುವುದಿಲ್ಲ. ಬರೆದ ಕೋಡ್ ಅನ್ನು ಇನ್ನೊಬ್ಬರು ಓದುವ ಪದ್ಧತಿ ಹಳೆಯದು. ಐಬಿಎಂನಲ್ಲಿ ಮೈಕೆಲ್ ಫೇಗನ್ 1976ರಲ್ಲೇ ಅದಕ್ಕೊಂದು ಕ್ರಮ ಬರೆದರು. ಆದರೆ ಒಂದೇ ಸಲಕ್ಕೆ ದೊಡ್ಡ ಬದಲಾವಣೆ ಕೊಟ್ಟರೆ ಯಾರೂ ಗಮನವಿಟ್ಟು ಓದುವುದಿಲ್ಲ. ಚಿಕ್ಕ ತುಂಡು ಕೊಡಿ. ನಿಮ್ಮ ತಪಾಸಕರಿಗೂ ಇದು ಹೊಂದುತ್ತದೆ ಅನಿಸುತ್ತದೆ.

ಹೊಸಬ

ಐದು ಸಲ ಯಾಕೆ ಅಂತ ಕೇಳಿದರೆ ಮೂಲ ಕಾರಣ ಸಿಗುತ್ತದೆ ಅನ್ನುತ್ತಾರಲ್ಲ, ಅದು ಸಾಕಾಗುವುದಿಲ್ಲವೇ? ಒಂದು ಚೆಕ್‌ಲಿಸ್ಟ್ ಕೊಟ್ಟರೆ?

ಹಳೆ ತಪಾಸಕಿ

ಎರಡು ಒಳ್ಳೆಯ ಪ್ರಶ್ನೆ.

ಟೊಯೋಟಾದ ತೈಚಿ ಓನೋ ಐದು ಯಾಕೆಗಳನ್ನು ಕಲಿಸಿದ್ದು ಯಂತ್ರದ ಪಕ್ಕದಲ್ಲೇ ನಿಂತು. ಪ್ರತಿ ಉತ್ತರವನ್ನೂ ಅಲ್ಲೇ ಕಣ್ಣಿನಿಂದ ನೋಡಬಹುದಿತ್ತು. ಸಭೆಯ ಕೋಣೆಯಲ್ಲಿ ಕೂತು ಕೇಳಿದರೆ ಎರಡನೇ ಉತ್ತರದಿಂದಲೇ ಊಹೆ ಶುರು ಆಗುತ್ತದೆ. ಅರ್ಜಿಯಲ್ಲಿ ತಪ್ಪು ಯಾಕೆ? ಗಮನ ಕೊಡಲಿಲ್ಲ. ಯಾಕೆ? ತರಬೇತಿ ಸಾಲದು. ಮುಗಿಯಿತು, ಮತ್ತೆ ತರಬೇತಿ. ಒಂದು ತಪ್ಪಿಗೆ ಕಾರಣಗಳ ಕವಲು ಇರುತ್ತದೆ, ಒಂದೇ ಸರಪಳಿ ಅಲ್ಲ. ಕವಲು ಬರೆದುಕೊಳ್ಳಲು ಜಪಾನಿನ ಇಶಿಕಾವಾ ಅವರ ಮೀನಿನ ಮುಳ್ಳಿನ ಚಿತ್ರ (ಬೆನ್ನುಮೂಳೆಯಂಥ ಗೆರೆಯ ತುದಿಯಲ್ಲಿ ತಪ್ಪು, ಪಕ್ಕದ ಮುಳ್ಳುಗಳಲ್ಲಿ ಕಾರಣಗಳು) ಚೆನ್ನಾಗಿದೆ. ಆಮೇಲೆ ಪ್ರತಿ ಕವಲಿಗೂ ಪುರಾವೆ ಕೇಳಿ. ಉತ್ತರ ಒಬ್ಬ ಮನುಷ್ಯನ ಗಮನದಲ್ಲಿ ಹೋಗಿ ನಿಂತರೆ ಇನ್ನೂ ಮುಂದೆ ಹೋಗಬೇಕು ಅಂತ ಅರ್ಥ.

ಚೆಕ್‌ಲಿಸ್ಟ್ ವಿಷಯದಲ್ಲಿ ಆಸ್ಪತ್ರೆಗಳ ಅನುಭವ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್‌ನಲ್ಲಿ 19 ಅಂಶಗಳಿದ್ದವು. ಎಂಟು ಆಸ್ಪತ್ರೆಗಳಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಾವಿನ ಪ್ರಮಾಣ 1.5 ಶೇಕಡದಿಂದ 0.8ಕ್ಕೆ ಇಳಿಯಿತು. 2014ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳ ಅಧ್ಯಯನ ಬಂತು. ಅಲ್ಲಿ ಚೆಕ್‌ಲಿಸ್ಟ್ ಬಂದ ಮೇಲೆ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಯಾಕೆ ಅನ್ನುವ ಬಗ್ಗೆ ಚರ್ಚೆ ಇದೆ. ನನ್ನ ಅಭಿಪ್ರಾಯ ಹೇಳುತ್ತೇನೆ: ಕಾಗದ ಕೊಟ್ಟ ಮಾತ್ರಕ್ಕೆ ಕೆಲಸದ ರೀತಿ ಬದಲಾಗುವುದಿಲ್ಲ. ತಂಡ ನಿಂತು, ಜೋರಾಗಿ ಓದಿ, ಒಬ್ಬರಿಗೊಬ್ಬರು ಉತ್ತರ ಕೊಟ್ಟರೆ ಅದು ಚೆಕ್‌ಲಿಸ್ಟ್. ಕೊನೆಯಲ್ಲಿ ಒಟ್ಟಿಗೆ ಟಿಕ್ ಹಾಕಿದರೆ ಬರೀ ಇನ್ನೊಂದು ಫಾರ್ಮ್.

ಸಾಧ್ಯವಿದ್ದರೆ ಚೆಕ್‌ಲಿಸ್ಟ್‌ಗಿಂತ ಮೊದಲು, ತಪ್ಪು ಮಾಡಲು ಆಗದ ಹಾಗೆ ಮಾಡಬಹುದೇ ನೋಡಿ. ಜಪಾನಿನ ಎಂಜಿನಿಯರ್ ಶಿಗಿಯೋ ಶಿಂಗೋ ಅವರ 1961ರ ಉದಾಹರಣೆ ನನಗೆ ಬಹಳ ಇಷ್ಟ. ಒಂದು ಸ್ವಿಚ್‌ನ ಒಳಗೆ ಎರಡು ಸ್ಪ್ರಿಂಗ್ ಕೂರಿಸಬೇಕು. ಕೆಲಸಗಾರರು ಆಗಾಗ ಒಂದನ್ನು ಮರೆಯುತ್ತಿದ್ದರು. ಅವರನ್ನು ಎಚ್ಚರಿಸಿ ಎಚ್ಚರಿಸಿ ಮೇಲಿನವರಿಗೆ ಸಾಕಾಗಿತ್ತು. ಶಿಂಗೋ ಹೇಳಿದ್ದು ಇಷ್ಟೇ: ಮೊದಲು ಎರಡು ಸ್ಪ್ರಿಂಗ್ ತೆಗೆದು ಚಿಕ್ಕ ತಟ್ಟೆಯಲ್ಲಿ ಇಡಿ, ಆಮೇಲೆ ಕೂರಿಸಿ. ತಟ್ಟೆಯಲ್ಲಿ ಒಂದು ಉಳಿದರೆ ಮರೆತಿದ್ದೀರಿ ಅಂತ ಕೂಡಲೇ ಗೊತ್ತು. ಬೈಗುಳವೂ ಬೇಕಾಗಲಿಲ್ಲ, ತಪಾಸಕರೂ ಬೇಕಾಗಲಿಲ್ಲ.

ಪ್ರಾಜೆಕ್ಟ್ ಮೇಜು

ಅದ್ಭುತವಾದ ಉದಾಹರಣೆ. ಇದಕ್ಕೊಂದು ಮಾತು ಸೇರಿಸುತ್ತೇನೆ. ತಪ್ಪುಗಳನ್ನು ಎಣಿಸಿ ಪರೇಟೊ ಚಿತ್ರ (ಯಾವ ಬಗೆಯದು ಜಾಸ್ತಿ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಕಂಬಗಳು) ಹಾಕುವಾಗ ಸಂಖ್ಯೆಯನ್ನು ಮಾತ್ರ ನೋಡಬೇಡಿ. ಇನಿಷಿಯಲ್ ತಪ್ಪು 40 ಇರಬಹುದು, ಮೊತ್ತದ ತಪ್ಪು 3 ಇರಬಹುದು. ಗ್ರಾಹಕರಿಗೆ ನೋವಾಗುವುದು ಆ 3ರಿಂದ. ತಿದ್ದಲು ತಗುಲುವ ಸಮಯ, ಗ್ರಾಹಕರಿಗೆ ಆಗುವ ತೊಂದರೆ, ಇವನ್ನೂ ಬೇರೆ ಬೇರೆ ಚಿತ್ರವಾಗಿ ಹಾಕಿ.

ಅರ್ಜಿ ವಿಭಾಗ

ಈಗ ಚಿತ್ರ ಸ್ಪಷ್ಟವಾಗುತ್ತಿದೆ. ವ್ಯಾಖ್ಯೆ ಸರಿ ಮಾಡಿ ಮತ್ತೆ ಎಣಿಸಿದೆವು. ಬಹುಪಾಲು ತಪ್ಪು ಹುಟ್ಟುತ್ತಿರುವುದು ಮೊದಲ ಹಂತದಲ್ಲೇ, ಕಾಣುತ್ತಿರುವುದು ಐದನೆಯದರಲ್ಲಿ. ಫಾರ್ಮ್‌ನಲ್ಲಿ ಪೂರ್ತಿ ಹೆಸರು ಬರೆಯಿರಿ ಅಂತ ಇದೆ. ಯಾವ ದಾಖಲೆಯಲ್ಲಿ ಇರುವಂತೆ ಅಂತ ಇಲ್ಲ. ಗ್ರಾಹಕರು ತಮಗೆ ತೋಚಿದಂತೆ ಬರೆಯುತ್ತಾರೆ. ಐದನೇ ಹಂತದಲ್ಲಿ ಅದನ್ನು ಒಂದು ನಿರ್ದಿಷ್ಟ ದಾಖಲೆಯ ಜೊತೆ ಹೋಲಿಸುತ್ತೇವೆ. ಹೊಂದುವುದಿಲ್ಲ. ನಮ್ಮ ತಂಡದ ಯಾರೂ ಮಾಡದ ತಪ್ಪಿಗೆ ನಮ್ಮವರ ಹೆಸರಿನ ಪಟ್ಟಿ ಹಾಕಬೇಕು ಅಂತಿದ್ದರು!

ಫಾರ್ಮ್‌ನ ಆ ಸಾಲು ಬದಲಿಸಲು ಒಪ್ಪಿಗೆ ಸಿಕ್ಕಿದೆ. ಮೊತ್ತ ಎರಡು ಕಡೆ ಬರೆಯುವುದನ್ನು ನಿಲ್ಲಿಸಿ, ಒಂದೇ ಕಡೆ ಹಾಕಿದರೆ ಇನ್ನೊಂದು ಕಡೆ ತಾನೇ ಬರುವಂತೆ ಮಾಡುತ್ತಿದ್ದಾರೆ. ಹೆಸರಿನ ಪಟ್ಟಿಯ ಮಾತು ಸದ್ಯಕ್ಕೆ ನಿಂತಿದೆ. ಎರಡು ಪ್ರಶ್ನೆ ಉಳಿದಿವೆ. ಸುಧಾರಣೆ ನಿಜ ಅಂತ ಯಾವಾಗ ಹೇಳಬಹುದು? ಎರಡನೇ ತಪಾಸಕರನ್ನು ಯಾವಾಗ ಬೇರೆ ಕೆಲಸಕ್ಕೆ ಕಳಿಸಬಹುದು?

ಅಂಕಿ ಅಂಶ

ಮೊದಲನೆಯದಕ್ಕೆ: ಹಳೆ ಮಿತಿಗಳನ್ನು ಹಾಗೇ ಇಟ್ಟು ಹೊಸ ವಾರಗಳ ಚುಕ್ಕೆ ಹಾಕುತ್ತಾ ಹೋಗಿ. ಒಂದು ಚುಕ್ಕೆ ಕೆಳಗಿನ ಮಿತಿಯನ್ನೂ ದಾಟಿ ಬಿದ್ದರೆ ಅದು ಸೂಚನೆ. ಅಷ್ಟು ಕೆಳಗೆ ಬೀಳದಿದ್ದರೂ ಸತತ ಎಂಟು ಚುಕ್ಕೆ ಸರಾಸರಿಯ ಕೆಳಗೇ ಇದ್ದರೆ ಅದೂ ಸೂಚನೆ. ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ 1956ರಲ್ಲಿ ಪ್ರಕಟಿಸಿದ ನಿಯಮಗಳಲ್ಲಿ ಇದು ಒಂದು. ಬರೀ ಅದೃಷ್ಟದಿಂದ ಎಂಟೂ ಕೆಳಗೇ ಬೀಳುವ ಸಾಧ್ಯತೆ 256ರಲ್ಲಿ 1. ಆಮೇಲೆ ಹೊಸ ಸರಾಸರಿ, ಹೊಸ ಮಿತಿ ಲೆಕ್ಕ ಹಾಕಿ. ಎರಡು ಒಳ್ಳೆಯ ವಾರ ನೋಡಿ ಘೋಷಣೆ ಮಾಡಬೇಡಿ, ಮ್ಯಾನೇಜರ್ ಎಷ್ಟೇ ಅವಸರ ಮಾಡಿದರೂ.

ಹಳೆ ತಪಾಸಕಿ

ಎರಡನೆಯದಕ್ಕೆ: ಒಂದೇ ಸಲ ತೆಗೆಯಬೇಡಿ. ಮೊದಲು ಎರಡನೇ ತಪಾಸಕರನ್ನು ಎಲ್ಲಾ ಅರ್ಜಿಗಳಿಂದ ಮಾದರಿಗೆ ಇಳಿಸಿ. ಯಾವ ಅರ್ಜಿ ಅಂತ ಕಂಪ್ಯೂಟರ್ ಆರಿಸಲಿ, ಮನುಷ್ಯರು ಆರಿಸಿದರೆ ಸುಲಭದ್ದೇ ಮೇಲೆ ಬರುತ್ತದೆ. ಮೊದಲನೆಯವರ ಗುರುತು ನೋಡದೆ ಮಾಡಲಿ.

ಮಾದರಿಯಲ್ಲಿ ಒಂದೂ ತಪ್ಪು ಸಿಗದಿದ್ದರೆ ಶೂನ್ಯ ದೋಷ ಅಂತ ಬರೆಯಬೇಡಿ. 100 ಅರ್ಜಿ ನೋಡಿ ಒಂದೂ ಸಿಗದಿದ್ದರೂ ನಿಜವಾದ ಪ್ರಮಾಣ 3 ಶೇಕಡದವರೆಗೂ ಇರಬಹುದು. 3 ಅನ್ನು ಮಾದರಿಯ ಸಂಖ್ಯೆಯಿಂದ ಭಾಗಿಸಿದರೆ ಆ ಮೇಲ್ಮಿತಿ ಸಿಗುತ್ತದೆ, 95 ಶೇಕಡ ಭರವಸೆಯಲ್ಲಿ. 1 ಶೇಕಡಕ್ಕಿಂತ ಕಡಿಮೆ ಅಂತ ಹೇಳಬೇಕಾದರೆ 300 ಅರ್ಜಿ ನೋಡಿ ಒಂದೂ ಸಿಗಬಾರದು. ಮೊತ್ತದ ತಪ್ಪಿಗೆ ಮಾತ್ರ ಮಾದರಿ ಬೇಡ, ಅದನ್ನು ಎಲ್ಲಾ ಅರ್ಜಿಯಲ್ಲೂ ನೋಡುತ್ತಿರಿ. ಮೊತ್ತ ತಾನೇ ಬರುವ ಹೊಸ ಪರದೆ ಬಂದು ಎಂಟು ವಾರದ ಚುಕ್ಕೆ ಬಿದ್ದ ಮೇಲೆ ಅದರ ಬಗ್ಗೆ ಮತ್ತೆ ಮಾತಾಡೋಣ. ಉಳಿಯುವ ಸಮಯದಲ್ಲಿ ಎರಡನೇ ತಪಾಸಕರನ್ನು ಮೊದಲ ಹಂತದ ಪಕ್ಕದಲ್ಲಿ ಕೂರಿಸಿ. ಇಷ್ಟು ದಿನ ತಪ್ಪುಗಳನ್ನು ನೋಡಿದವರಿಗೆ ಫಾರ್ಮ್‌ನ ಇನ್ನೂ ಯಾವ ಸಾಲು ಗೊಂದಲ ಮಾಡುತ್ತಿದೆ ಅಂತ ಚೆನ್ನಾಗಿ ಗೊತ್ತಿರುತ್ತದೆ.